ಧೋತರ ಎತ್ತಿ ಓಡಿದ ಅಪ್ಪ

ಬೀದರ್, ಡಿಸೆಂಬರ್ 14

ಪ್ರೀತಿಯ ಗೆಳೆಯಾ,

ಹೋದ ವಾರ ಕಲಬುರಗಿಯಲ್ಲಿ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀನು ಕೇಳಿದ ಮಾತಿಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ವೈನಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಹಿಡಿದುಕೊಂಡು ಓಡಿದೆ. ಹುಮನಾಬಾದ್ ದಾಟಿದರೂ ಅದೇ ಯೋಚನೆ.

"ನಿಮ್ಮ ಕ್ರೈಸ್ತ ಧರ್ಮದಿಂದ ಹುಟ್ಟಿದ ಚಿತ್ರ, ಕಾವ್ಯ ಎಲ್ಲ ಇಟಲಿಯದು, ಹಾಲೆಂಡಿನದು. ನಮ್ಮ ಕಡೆ ಅದರಿಂದ ಏನು ಬಂತು?" ಅಂದಿದ್ದೆ. ನೀನು ಡ್ರಾಯಿಂಗ್ ಮಾಸ್ತರ್. ಮಕ್ಕಳಿಗೆ ತೋರಿಸಲು ನಿನಗೆ ಸಿಗುವುದೂ ಆ ಚಿತ್ರಗಳೇ. ಹಾಗಾಗಿ ಕೇಳಿದ್ದು ತಪ್ಪಲ್ಲ. ಈಗ ಕೂತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಕನ್ನಡ ಬೈಬಲ್‌ನಲ್ಲಿ, ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ‘ನರಾವತಾರ’ ಅನ್ನುವ ಶಬ್ದ ಇದೆ. ದೇವರು ಮನುಷ್ಯನ ಮೈ ತಳೆದು ನಮ್ಮ ನಡುವೆ ಬಾಳಿದ ಎಂದು ಹೇಳುವ ಜಾಗ ಅದು. ಅನುವಾದ ಮಾಡಿದವರು ಎಲ್ಲೂ ಹುಡುಕದೆ ಈ ನೆಲದ ಶಬ್ದವನ್ನೇ ಎತ್ತಿಕೊಂಡಿದ್ದಾರೆ. ನಮ್ಮ ನಂಬಿಕೆಯ ಬೇರು ಅದು. ನಮ್ಮ ಕಲೆ ಹುಟ್ಟಿದ್ದೂ ಅಲ್ಲಿಂದಲೇ ಅಂತ ನಾನು ತಿಳಿದಿದ್ದೇನೆ. 8ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ದೇವರ ಚಿತ್ರ ಇಡಬಾರದು ಎಂದು ಆಜ್ಞೆ ಮಾಡಿದರು. ಎಷ್ಟೋ ಚಿತ್ರಗಳನ್ನು ಒಡೆಸಿದರು, ಸುಣ್ಣ ಬಳಿಸಿದರು. ಆಗ ದಮಾಸ್ಕಸ್‌ನ ಯೋಹಾನ ಅನ್ನುವ ಒಬ್ಬ ಸನ್ಯಾಸಿ ಎದ್ದು ವಾದ ಮಾಡಿದ. ಕಣ್ಣಿಗೆ ಕಾಣದ ದೇವರನ್ನು ಬರೆಯಲು ಆಗುವುದಿಲ್ಲ, ಒಪ್ಪಿದೆ. ಆದರೆ ಆ ದೇವರೇ ಮೈ ಪಡೆದು ಜನರ ನಡುವೆ ಓಡಾಡಿದ ಮೇಲೆ, ಕಂಡದ್ದನ್ನು ಬರೆಯುವುದು ಹೇಗೆ ತಪ್ಪಾದೀತು? 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಚಿತ್ರಗಳ ಪರವಾಗಿ ನಿಂತಿತು. ಜಗಳ ಪೂರ್ತಿ ತಣ್ಣಗಾಗಲು 843 ಬರಬೇಕಾಯಿತು.

ನೀನು ನನಗೆ ಒಮ್ಮೆ ಪುಸ್ತಕದಲ್ಲಿ ಇಟಲಿಯ ಚಿತ್ರಕಾರ ಜೊತ್ತೊ ಬರೆದ ಚಿತ್ರ ತೋರಿಸಿದ್ದೆ, ನೆನಪಿದೆಯಾ? ಪಾದುವಾ ಊರಿನ ಒಂದು ಚಿಕ್ಕ ಪ್ರಾರ್ಥನಾ ಮಂದಿರದ ಗೋಡೆಯದು, 1305ರ ಸುಮಾರಿನದು. ಶಿಲುಬೆಯಿಂದ ಇಳಿಸಿದ ಮಗನ ತಲೆಯನ್ನು ತಾಯಿ ತಬ್ಬಿಕೊಂಡಿದ್ದಾಳೆ. ಇಬ್ಬರು ನಮಗೆ ಬೆನ್ನು ಹಾಕಿ ಕೂತಿದ್ದಾರೆ. ಅವರ ಮುಖ ಕಾಣುವುದೇ ಇಲ್ಲ. ಸಾವಾದ ಮನೆಗೆ ಹೋದಾಗ ನಮಗೂ ಮೊದಲು ಕಾಣುವುದು ಹಾಗೆ ಕೂತವರ ಬೆನ್ನು, ಅಲ್ವಾ? ದೇವರ ಕಥೆಯನ್ನು ಅವನು ಓಣಿಯಲ್ಲಿ ನೋಡಿದ ಹಾಗೆ ಬರೆದ.

ಅದಕ್ಕೂ ಮೊದಲು, 1223ರಲ್ಲಿ, ಇಟಲಿಯ ಸಂತ ಅಸ್ಸೀಸಿಯ ಫ್ರಾನ್ಸಿಸ್ ಗ್ರೆಚ್ಚಿಯೊ ಅನ್ನುವ ಹಳ್ಳಿಯಲ್ಲಿ ಹುಲ್ಲು ತರಿಸಿ, ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಯೇಸು ಹುಟ್ಟಿದ ರಾತ್ರಿಯನ್ನು ಜನರಿಗೆ ತೋರಿಸಿದ. ಇವತ್ತು ಮನೆಮನೆಯಲ್ಲಿ ಕಟ್ಟುವ ಗೋದಲಿಗೆ ಅವನೇ ದಾರಿ ಹಾಕಿಕೊಟ್ಟ ಅಂತ ಹೇಳುತ್ತಾರೆ. ನಮ್ಮ ಮನೆಯಲ್ಲೂ ಈಗ ಅದೇ ಗಡಿಬಿಡಿ. ಮಗಳು ಎರೆಮಣ್ಣು ಕಲಸಿ ಗುಡ್ಡ ಮಾಡಿದ್ದಾಳೆ. ಜೋಳದ ಕಣಿಕೆ ಮುರಿದು ಚಪ್ಪರ ಹಾಕಿದ್ದಾಳೆ. ಅಂಗಡಿಯಿಂದ ತಂದ ಕುರಿ ಕಾಯುವವರ ಗೊಂಬೆಗಳಿಗೆ ನನ್ನ ಹಳೆಯ ಕರಿ ಕಂಬಳಿಯ ಅಂಚು ಕತ್ತರಿಸಿ ಹೊದಿಸಿದ್ದಾಳೆ. "ನಮ್ಮೂರ ಕುರುಬರು ಹೀಗೇ ಇರ್ತಾರಲ್ಲಪ್ಪಾ" ಅಂದಳು. ಹೌದಲ್ಲ. ಗೋದಲಿ ಅನ್ನುವ ಮಾತೂ ನಮ್ಮ ಕೊಟ್ಟಿಗೆಯದೇ. ಎತ್ತಿಗೆ ಮೇವು ಹಾಕುವ ಗ್ವಾದಲಿಯಲ್ಲಿ ಕೂಸನ್ನು ಮಲಗಿಸಿದರು ಅಂದರೆ ನಮ್ಮ ಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಚಿತ್ರ ಅಂದರೆ ನನಗೆ ಮೊದಲು ನೆನಪಾಗುವುದು ಈಗ ತೆಲಂಗಾಣದಲ್ಲಿರುವ ಮೆದಕ್. ನಿಜಾಮನ ಕಾಲದಲ್ಲಿ ಅದೂ ನಾವೂ ಒಂದೇ ರಾಜ್ಯ. ಬರ ಬಿದ್ದು ಜನ ಹಸಿದಾಗ ಪಾಸ್ನೆಟ್ ಅನ್ನುವ ಪಾದ್ರಿ ಕೂಲಿ ಕೊಟ್ಟು ಅಲ್ಲಿ ಚರ್ಚ್ ಕಟ್ಟಿಸಿದರು. 1924ರ ಕ್ರಿಸ್ಮಸ್ ದಿನ ಅದನ್ನು ಪ್ರತಿಷ್ಠೆ ಮಾಡಿದರು. ಹಸಿದವರೇ ಕಲ್ಲು ಹೊತ್ತು, ಕೂಲಿ ತಗೊಂಡು, ಮನೆಯಲ್ಲಿ ಒಲೆ ಹೊತ್ತಿಸಿದ ಕಟ್ಟಡ ಅದು. ಅದಕ್ಕೇ ನನಗೆ ಅದರ ಮೇಲೆ ಜಾಸ್ತಿ ಪ್ರೀತಿ. ಒಳಗೆ ಫ್ರಾಂಕ್ ಸಾಲಿಸ್ಬರಿ ಎಂಬ ಇಂಗ್ಲಿಷ್ ಕಲಾವಿದನ ಬಣ್ಣದ ಗಾಜಿನ ಕಿಟಕಿಗಳಿವೆ. ಯೇಸುವಿನ ಹುಟ್ಟು ಒಂದರಲ್ಲಿ, ಶಿಲುಬೆ ಒಂದರಲ್ಲಿ, ಪರಲೋಕಕ್ಕೆ ಏರಿದ್ದು ಒಂದರಲ್ಲಿ.

ನಾನು ಎಂಟು ವರ್ಷದವನಿದ್ದಾಗ ಅಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನೆಲದ ಮೇಲೆ ಕೂತು ಕಿಟಕಿಯಲ್ಲಿದ್ದ ಒಬ್ಬೊಬ್ಬರನ್ನೂ ಬೆರಳು ಮಾಡಿ ತೋರಿಸಿದಳು. ಇವಳು ಮರಿಯಮ್ಮ, ಇವನು ಯೋಸೇಫ. ಹೊರಗೆ ಬಿಸಿಲು ಏರಿದ ಹಾಗೆ ಬಣ್ಣದ ಬೆಳಕು ಒಳಗೆ ಚೆಲ್ಲಿತು. ಅಜ್ಜಿಯ ಬಿಳಿ ಸೀರೆಯ ಸೆರಗು ನೀಲಿಯಾಯಿತು. ಅವಳು ಅಂಗೈ ಚಾಚಿ ಆ ಬೆಳಕನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಗುಡಿಯಲ್ಲಿ ಆರತಿ ತಗೊಳ್ಳುವ ಹಾಗೆ. ಓದು ಬಾರದವರು ಗೋಡೆ ನೋಡಿ ಓದಲಿ ಅಂತ ಪೋಪ್ ಗ್ರೆಗೊರಿ 600ರ ಸುಮಾರಿಗೆ ಒಬ್ಬ ಬಿಷಪ್‌ಗೆ ಪತ್ರ ಬರೆದಿದ್ದ. ಅದನ್ನು ಓದಿದಾಗ ನನಗೆ ಅಜ್ಜಿಯ ಅಂಗೈ ಕಣ್ಣ ಮುಂದೆ ಬಂತು.

ಆದರೆ ನಮ್ಮೂರ ಚರ್ಚಿನಲ್ಲಿ ಒಂದೂ ಚಿತ್ರ ಇಲ್ಲ. ಸುಣ್ಣದ ಗೋಡೆ, ಒಂದು ಕಟ್ಟಿಗೆಯ ಶಿಲುಬೆ, ಅಷ್ಟೇ. ನಾವು ಮೆಥೋಡಿಸ್ಟರು. ಪ್ರಾಟೆಸ್ಟಂಟರಲ್ಲಿ ಬಹಳ ಕಡೆ ಗೋಡೆ ಖಾಲಿಯಾಯಿತು, ಮಾತು ಮತ್ತು ಹಾಡು ತುಂಬಿಕೊಂಡವು. ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು 1522ರಲ್ಲಿ, ಇಡೀ ಬೈಬಲನ್ನು 1534ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರತಂದ. ಅನುವಾದ ಮಾಡುವವನು ಮನೆಯಲ್ಲಿ ತಾಯಿ, ಓಣಿಯಲ್ಲಿ ಮಕ್ಕಳು, ಸಂತೆಯಲ್ಲಿ ಜನ ಹೇಗೆ ಮಾತಾಡುತ್ತಾರೆ ಎಂದು ಅವರ ಬಾಯನ್ನೇ ನೋಡಬೇಕು ಅಂದ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ದೇವರ ಮಾತು ಜನರ ಬಾಯಿಗೆ ಬಂದರೆ ಸಾಹಿತ್ಯಕ್ಕೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಇನ್ನು ಹಾಡು. ಮೆಥೋಡಿಸ್ಟ್ ಪಂಥ ಕಟ್ಟಿದ ಅಣ್ಣತಮ್ಮಂದಿರಲ್ಲಿ ತಮ್ಮ ಚಾರ್ಲ್ಸ್ ವೆಸ್ಲಿ 6,000ಕ್ಕೂ ಜಾಸ್ತಿ ಹಾಡು ಬರೆದ.

ಈಗ ನೀನು ಕೇಳಿದ ‘ನಮ್ಮ ಕಡೆ’ಗೆ ಬರುತ್ತೇನೆ.

ಥಾಮಸ್ ಸ್ಟೀಫನ್ಸ್ ಇಂಗ್ಲೆಂಡಿನ ಪಾದ್ರಿ. 1579ರಲ್ಲಿ ಗೋವಾಕ್ಕೆ ಬಂದ. ಹೊಸದಾಗಿ ಕ್ರೈಸ್ತರಾದ ಜನ, ನಮಗೂ ಓದಲು, ಕೇಳಲು ಒಂದು ಪುರಾಣ ಬೇಕು ಅಂದರು. ಅವನು ಮರಾಠಿ ಕಲಿತು, ಓವಿ ಅನ್ನುವ ಮರಾಠಿ ಹಾಡಿನ ಮಟ್ಟಿನಲ್ಲಿ ಸುಮಾರು 11,000 ಪದ್ಯಗಳ ‘ಕ್ರಿಸ್ತಪುರಾಣ’ ಬರೆದ. 1616ರಲ್ಲಿ ರಾಚೋಲ್‌ನಲ್ಲಿ ಅದು ಅಚ್ಚಾಯಿತು. ಹೂಗಳಲ್ಲಿ ಮಲ್ಲಿಗೆ ಹೇಗೋ, ಪರಿಮಳದಲ್ಲಿ ಕಸ್ತೂರಿ ಹೇಗೋ, ಭಾಷೆಗಳಲ್ಲಿ ಮರಾಠಿ ಹಾಗೆ ಅಂತ ಅದರಲ್ಲಿ ಹೊಗಳಿದ್ದಾನೆ. ಓವಿ ಅಂದರೆ ನಮ್ಮ ಬೀದರ್ ಹೆಣ್ಣುಮಕ್ಕಳಿಗೆ ಹೊಸದಲ್ಲ. ನನ್ನ ಅಜ್ಜಿಯೇ ಬೀಸುವಾಗ ಕನ್ನಡದ ಪದ, ಮರಾಠಿ ಓವಿ ಎರಡನ್ನೂ ಬೆರೆಸಿ ಹಾಡುತ್ತಿದ್ದಳು.

ಇನ್ನೊಂದು ಮಾತು ನಾನು ಮುಚ್ಚಿಡುವುದಿಲ್ಲ. ಆ ರಾಚೋಲ್ ಇರುವ ಸಾಲ್ಸೆಟ್ ಪ್ರದೇಶದಲ್ಲೇ, ಸ್ಟೀಫನ್ಸ್ ಬರುವ ಮೊದಲು, ಪೋರ್ಚುಗೀಸರು ದೇವಾಲಯಗಳನ್ನು ಕೆಡವಿದ್ದರು. ಆ ಪುರಾಣವನ್ನು ಓದುವಾಗ ನನಗೆ ಹೆಮ್ಮೆ ಆಗುತ್ತದೆ, ನೋವೂ ಆಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ನಿನಗೆ ಹೇಳಿದರೆ ಅದು ಸ್ನೇಹ ಆಗುವುದಿಲ್ಲ.

ಕನ್ನಡದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಇಡೀ ಬೈಬಲನ್ನು 1831ರ ಹೊತ್ತಿಗೆ ಅಚ್ಚಿಗೆ ತಂದರು. ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಬಸವಪುರಾಣ, ದಾಸರ ಪದಗಳನ್ನು ಹುಡುಕಿ ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಕಿಟ್ಟೆಲ್ ಬಗ್ಗೆ ಎಲ್ಲರಿಗೂ ಗೊತ್ತು, 1894ರ ನಿಘಂಟು, ಸುಮಾರು 70,000 ಶಬ್ದ. ಆದರೆ ಅವರು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದು, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ‘ಕಥಾಮಾಲೆ’ ಎಂದು ಬರೆದದ್ದು ಎಷ್ಟು ಜನಕ್ಕೆ ಗೊತ್ತು? ಮುಂದೆ ಮಂಜೇಶ್ವರದ ಗೋವಿಂದ ಪೈ ‘ಗೊಲ್ಗೊಥಾ’ ಬರೆದರು, ಯೇಸುವಿನ ಕೊನೆಯ ದಿನದ ಮೇಲೆ. ಪೈಯವರು ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನದ ಮೇಲೂ ಅವರೇ ಬರೆದರು. ಈ ಕಥೆ ನಮ್ಮೊಬ್ಬರದಾಗಿ ಉಳಿಯಲಿಲ್ಲ ಅನ್ನುವುದು ನನಗೆ ತುಂಬಾ ಸಂತೋಷದ ಸಂಗತಿ.

ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಸಿಗದ ಒಂದನ್ನು ಹೇಳಬೇಕು.

ನನ್ನ ಅಪ್ಪ ಹಾಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಗ್ಯಾಸ್‌ಬತ್ತಿ ಹಚ್ಚಿ, ಹಾರ್ಮೋನಿಯಂ, ಡೋಲಕ್, ತಾಳ ಇಟ್ಟುಕೊಂಡು ತಪ್ಪಿಹೋದ ಮಗನ ಕಥೆ ಮಾಡುತ್ತಿದ್ದ. ಲೂಕನ ಸುವಾರ್ತೆಯ 15ನೇ ಅಧ್ಯಾಯದ್ದು. ಆಸ್ತಿ ಪಾಲು ತಗೊಂಡು ಹೋದ ಕಿರಿಮಗ ಎಲ್ಲ ಹಾಳು ಮಾಡಿ ಹಂದಿ ಕಾಯುತ್ತಾನೆ. ಹಂದಿ ತಿನ್ನುವುದೂ ಅವನಿಗೆ ಸಿಗುವುದಿಲ್ಲ. ಅದು ಅಪ್ಪನ ಹಾಡಿನಲ್ಲಿ ತೊಗರಿ ಹೊಟ್ಟು. ಮಗ ತಿರುಗಿ ಬರುವಾಗ ತಂದೆ ದೂರದಿಂದಲೇ ನೋಡಿ ಓಡುತ್ತಾನೆ. ಇಲ್ಲಿಗೆ ಬಂದಾಗ ಅಪ್ಪ ಹಾರ್ಮೋನಿಯಂ ಬಿಟ್ಟು ಎದ್ದು ನಿಲ್ಲುತ್ತಿದ್ದ. ಎಡಗೈಯಲ್ಲಿ ಧೋತರದ ಚುಂಗು ಎತ್ತಿ ಹಿಡಿದು, ಬಲಗೈ ಮುಂದೆ ಚಾಚಿ, ನಿಂತಲ್ಲೇ ನಾಲ್ಕು ಹೆಜ್ಜೆ ಓಡುತ್ತಿದ್ದ. ನಮ್ಮ ಕಡೆ ಊರ ಹಿರಿಯ ಓಡುವುದುಂಟೇ? ಅವನ ಮೀನಖಂಡ ಊರಿಗೆಲ್ಲ ಕಾಣುತ್ತಿತ್ತು. ಮುದುಕರು ಅಳುತ್ತಿದ್ದರು. ಕ್ರೈಸ್ತರು, ಲಿಂಗಾಯತರು, ಮುಸಲ್ಮಾನರು, ಎಲ್ಲರೂ ಬಂದಿರುತ್ತಿದ್ದರು. ಬೈಬಲ್‌ನಲ್ಲಿ ತಂದೆ ಕೊಬ್ಬಿದ ಕರು ಕೊಯ್ಯಿಸುತ್ತಾನೆ. ಅಪ್ಪ ಕೊಪ್ಪರಿಗೆ ತುಂಬ ಹುಗ್ಗಿ ಮಾಡಿಸುತ್ತಿದ್ದ, ಕೇಳುವವರೆಲ್ಲ ಆ ಊಟಕ್ಕೆ ಕೂರಲಿ ಅಂತ.

ಇದೇ ಕಥೆಯ ಚಿತ್ರವನ್ನು ಹಾಲೆಂಡಿನ ರೆಂಬ್ರಾಂಟ್ ತನ್ನ ಕೊನೆಯ ವರ್ಷಗಳಲ್ಲಿ ಬರೆದ. ಸಾಲದಲ್ಲಿ ಮನೆ ಕಳೆದುಕೊಂಡಿದ್ದ ಮನುಷ್ಯ. ಆ ಚಿತ್ರ ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಮಗ ಮೊಣಕಾಲೂರಿದ್ದಾನೆ, ತಲೆ ಬೋಳು, ಒಂದು ಚಪ್ಪಲಿ ಕಳಚಿ ಅಂಗಾಲು ಕಾಣುತ್ತದೆ. ತಂದೆಯ ಎರಡೂ ಕೈ ಮಗನ ಬೆನ್ನ ಮೇಲೆ. ನೀನೇ ತೋರಿಸಿದ್ದೆ, ಒಂದು ಕೈ ಅಗಲ, ಗಟ್ಟಿ. ಇನ್ನೊಂದು ತೆಳು, ಹೆಂಗಸಿನ ಕೈಯಂತೆ. ಅವತ್ತು ನಾನು ಮಾತಾಡಲಿಲ್ಲ. ಅಪ್ಪ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಅಪ್ಪ ಆ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ.

ಅಪ್ಪನ ಹಾಡು ಒಂದು ಕ್ಯಾಸೆಟ್‌ನಲ್ಲಿ ಉಳಿದಿದೆ. ಮೊಬೈಲಿಗೆ ಹಾಕಿಸಿ ನಿನಗೆ ಕಳಿಸುತ್ತೇನೆ. ಪೂರ್ತಿ ಕೇಳು. ಹಿರಿಮಗ ಹೊಲದಿಂದ ಬಂದು, ಸಿಟ್ಟಾಗಿ ಮನೆಯೊಳಗೆ ಬಾರದೆ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಬಂದನೋ ಇಲ್ಲವೋ, ಯೇಸು ಹೇಳುವುದಿಲ್ಲ. ಅಪ್ಪನೂ ಅಲ್ಲಿಗೇ ನಿಲ್ಲಿಸುತ್ತಿದ್ದ. ಕ್ಯಾಸೆಟ್‌ನಲ್ಲಿ ತಾಳ ನಿಂತ ಮೇಲೆ ಯಾರೋ ಒಬ್ಬರು "ಮುಂದ?" ಅಂತ ಕೇಳಿದ್ದು ಕೇಳಿಸುತ್ತದೆ.

ನೀನು ಇದರ ಚಿತ್ರ ಬರೆದುಕೊಡು. ಮಗಳು ಗೋದಲಿಯ ಪಕ್ಕದ ಗೋಡೆ ಖಾಲಿ ಬಿಟ್ಟಿದ್ದಾಳೆ. ರೆಂಬ್ರಾಂಟನನ್ನು ನೋಡಿ ಬರೆಯಬೇಡ. ತೊಗರಿ ಹೊಲ ಇರಲಿ, ಧೋತರ ಎತ್ತಿದ ಮುದುಕ ಇರಲಿ. ಹಿರಿಮಗನನ್ನು ಹೊಸ್ತಿಲ ಹೊರಗೆ ನಿಲ್ಲಿಸು, ಮುಖ ಯಾವ ಕಡೆ ಅನ್ನುವುದು ನಿನಗೆ ಬಿಟ್ಟದ್ದು. 24ರ ಸಂಜೆಯೊಳಗೆ ಬಂದುಬಿಡು. ವೈನಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬಾ, ಹುಗ್ಗಿ ಮಾಡಿಸಿರುತ್ತೇನೆ.

ನಿನ್ನ
ಬೀದರ್ ಗೆಳೆಯ