ನಿಮ್ಮನೆ ರೇಷ್ಮೆ ಹುಳದ ಮನೆಗೆ ಹೋಗಿಬಂದೆ ಕಣೋ

ಗೆಳೆಯಾ,

ಮೊನ್ನೆ ಗುರುವಾರ ನಿಮ್ಮೂರಿಗೆ ಹೋಗಿದ್ದೆ. ಒಬ್ಬನೇ ಅಲ್ಲ, ಎಂಟನೇ ಕ್ಲಾಸಿನ 34 ಮಕ್ಕಳನ್ನ ಕಟ್ಟಿಕೊಂಡು. ನಿಮ್ಮಣ್ಣ ಫೋನಲ್ಲಿ ಹೇಳಿರುತ್ತಾನೆ, ಆದರೆ ಅವನು ಹೇಳೋದು "ಬಂದ್ರು, ಉಂಡ್ರು, ಹೋದ್ರು" ಅಂತ ಮೂರೇ ಮಾತು. ಅದಕ್ಕೇ ಈ ಪತ್ರ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಕ್ಲಾಸಿನವರಿಗೆ 10 ದಿನ ಬ್ಯಾಗಿಲ್ಲದ ದಿನ ಅಂತ ಇದೆಯಲ್ಲ, ಅದರ ಲೆಕ್ಕದಲ್ಲಿ ನಮ್ಮ ಸ್ಕೂಲಲ್ಲಿ 'ಹಳ್ಳಿ ನೋಡೋಣ' ಅಂದರು. ಹೋದ ವರ್ಷ ಹೋಗಿದ್ದು ಒಂದು ರೆಸಾರ್ಟು. ಅಲ್ಲಿ ಬಣ್ಣ ಹೊಡೆದ ಎತ್ತಿನಗಾಡಿ, ಕುಂಬಾರನ ಚಕ್ರ, ಮುದ್ದೆ ಊಟ ಎಲ್ಲಾ ಇತ್ತು, ಊರು ಮಾತ್ರ ಇರಲಿಲ್ಲ. ಈ ಸಲ ನಾನೇ ಹಟ ಹಿಡಿದೆ, ನನ್ನ ಗೆಳೆಯನ ಮನೇಲಿ ರೇಷ್ಮೆ ಸಾಕ್ತಾರೆ, ಅಲ್ಲಿಗೇ ಹೋಗೋಣ ಅಂತ.

ಶುರುವಾಗಿದ್ದೇ ನನ್ನ ತಪ್ಪಿನಿಂದ. ಟೋಪಿ ತನ್ನಿ, ನೀರಿನ ಬಾಟ್ಲಿ ತನ್ನಿ ಅಂತೆಲ್ಲಾ ಚೀಟಿ ಕಳಿಸಿದವನು ಸೆಂಟು ಹಾಕಬೇಡಿ, ಸೊಳ್ಳೆ ಕ್ರೀಮು ಹಚ್ಚಬೇಡಿ, ಹುಳಕ್ಕೆ ಅದು ಆಗಲ್ಲ ಅಂತ ಬರೆಯೋದು ಮರೆತೆ. ಚಿಕ್ಕವನಿದ್ದಾಗ ಪೌಡರ್ ಮೆತ್ತಿಕೊಂಡು ಬಂದೆ ಅಂತ ನಿಮ್ಮಮ್ಮನ ಕೈಲಿ ಬೈಸಿಕೊಂಡವನು ನಾನು, ನಾನೇ ಮರೆತೆ ನೋಡು! ಅಮ್ಮ ಹುಳದ ಮನೆ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಕೈ ಮೂಸಿ ಒಳಗೆ ಬಿಟ್ಟರು. ಕೆಲವರು ಮೂರು ಮೂರು ಸಲ ಕೈ ತೊಳೆದು ಪಾಸಾದರು. ಒಬ್ಬ ಹುಡುಗ ಮಾತ್ರ ಪಾಸಾಗಲಿಲ್ಲ. ಅವರಮ್ಮ ಬೆಳಿಗ್ಗೆ ಕತ್ತಿಂದ ಕಾಲಿನವರೆಗೂ ಸೊಳ್ಳೆ ಕ್ರೀಮು ಹಚ್ಚಿ ಕಳಿಸಿದ್ದರು. "ನೀನು ಜಗಲಿ ಮೇಲೆ ಕೂತ್ಕೋ ಮಗ, ನಾನೂ ಬತ್ತೀನಿ" ಅಂದರು ಅಮ್ಮ. ಅವನ ಮುಖ ನೋಡಬೇಕಿತ್ತು. ಇವನ ಕಥೆ ಆಮೇಲೆ ಹೇಳ್ತೀನಿ.

ಒಳಗೆ ಹುಳ ನಾಲ್ಕನೇ ಜ್ವರ ಎದ್ದು ನಾಲ್ಕು ದಿನ ಆಗಿತ್ತು. ಜ್ವರ ಅಂದ ತಕ್ಷಣ ಹಿಂದಿನ ಸಾಲಿನ ಹುಡುಗಿ "ಡಾಕ್ಟರ್ ಬಂದಿದ್ರಾ ಅಂಕಲ್?" ಅಂದಳು. ನಿಮ್ಮಣ್ಣ ನಗಲಿಲ್ಲ ಪಾಪ, ಹುಳ ಮೇವು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂರತ್ತೆ, ಪೊರೆ ಕಳಚಿ ಏಳತ್ತೆ, ಅದಕ್ಕೇ ಜ್ವರ ಅಂತೀವಿ, ಒಟ್ಟು ನಾಲ್ಕು ಸಲ ಅಂತ ಬಿಡಿಸಿ ಹೇಳಿದ. ಇದನ್ನೇ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಎರಡು ಪೀರಿಯಡ್ ಪಾಠ ಮಾಡಿದ್ದೆ, ಯಾರ ತಲೆಗೂ ಹೋಗಿರಲಿಲ್ಲ. ಜ್ವರ ಅನ್ನೋ ಒಂದು ಮಾತಿಗೆ ಹೋಯಿತು.

ಆಮೇಲೆ ಮೊಟ್ಟೆ ಲೆಕ್ಕ. 200 ಮೊಟ್ಟೆ ಸಾಕಿದ್ದೀವಿ ಅಂದ. ಹಾಗಾದ್ರೆ 200 ಹುಳ ಅಂತ ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡರು. ಕಣ್ಣೆದುರು ತಟ್ಟೆ ತುಂಬ ಕಿಕ್ಕಿರಿದಿದೆ, ಆದರೂ ಬರೆದಿದ್ದು 200! ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಿದ್ದು ಅಷ್ಟೂ, ಅದರಲ್ಲಿ 400, 500 ಇರತ್ತೆ ಅಂದಾಗ ಗುಣಿಸಿ ನೋಡಿ ಸುಸ್ತಾದರು. 80 ಸಾವಿರದಿಂದ ಒಂದು ಲಕ್ಷ ಹುಳ. ಅವಕ್ಕೆ ಹತ್ತಿರ ಹತ್ತಿರ 2 ಟನ್ ಹಿಪ್ಪುನೇರಳೆ ಸೊಪ್ಪು ಬೇಕು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕೊನೆಯ ಆ ಒಂದು ವಾರದಲ್ಲೇ ತಿನ್ನತ್ತೆ. ಆ ಮೇಯೋ ಸದ್ದನ್ನ ಒಬ್ಬಳು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮಾರನೇ ದಿನ ಸ್ಟಾಫ್ ರೂಮಲ್ಲಿ ಕೇಳಿಸಿ ಏನಿದು ಅಂದರೆ, ಒಬ್ಬರು ಸೋನೆ ಮಳೆ ಅಂದರು, ಇನ್ನೊಬ್ಬರು ಯಾರೋ ಕಳ್ಳೇಪುರಿ ತಿಂತಿದ್ದಾರೆ ಅಂದರು.

ನಾನು ಕೊಟ್ಟಿದ್ದ ಹಾಳೆಯಲ್ಲಿ 'ರೈತರ ಖರ್ಚು ಮತ್ತು ಲಾಭ' ಅಂತ ಒಂದು ಪ್ರಶ್ನೆ ಇತ್ತು. ನಿಮ್ಮಣ್ಣ ಚಾಕಿ ಹುಳಕ್ಕೆ, ಅಂದರೆ ಕೊಂಡು ತರೋ ಮರಿ ಹುಳಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಸುಣ್ಣ, ಬ್ಲೀಚಿಂಗ್ ಪೌಡರ್, ಸೊಪ್ಪು ಕೊಯ್ಯೋ ಆಳಿನ ಕೂಲಿ, ಮಾರ್ಕೆಟ್ಟಿಗೆ ಗಾಡಿ ಬಾಡಿಗೆ ಅಂತ ಒಂದೊಂದೇ ಹೇಳ್ತಾ ಹೋದ. ಮಕ್ಕಳು ಕೂಡಿ ಕಳೆದು ಲಾಭ ಇಷ್ಟು ಅಂತ ಗೆರೆ ಎಳೆದರು. ಅಷ್ಟರಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಅತ್ತಿಗೆ ತಿರುಗಿ, "ನನ್ ಕೂಲಿ ಬರ್ಕೊಂಡ್ರಾ?" ಅಂದರು.

ಯಾರೂ ಬರೆದುಕೊಂಡಿರಲಿಲ್ಲ. ನಾನೂ ಬರೆದಿರಲಿಲ್ಲ ಕಣೋ.

ಆಮೇಲೆ ಮಕ್ಕಳೇ ಅತ್ತಿಗೆಯನ್ನ ಹಿಡಿದು ಕೂರಿಸಿದರು. ಎಷ್ಟು ಗಂಟೆಗೆ ಏಳ್ತೀರ, ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀರ, ಹಿಕ್ಕೆ ತೆಗೆಯೋದು ಯಾರು, ರಾತ್ರಿ ಎದ್ದು ನೋಡೋದು ಯಾರು. ಎಲ್ಲದಕ್ಕೂ ಅತ್ತಿಗೆ "ನಾನೇ", ಕೆಲವಕ್ಕೆ "ನಾನು, ಅತ್ತೆ". ಹೊರಗಿನ ಆಳಿಗೆ ಕೊಡೋ ಕೂಲಿಯನ್ನೇ ಇಬ್ಬರಿಗೂ ಹಾಕಿ ಲೆಕ್ಕ ಮಾಡಿದರೆ ಲಾಭ ಅಂತ ಎಳೆದ ಗೆರೆ ಎಲ್ಲೋ ಹೋಯಿತು. ನಿಮ್ಮಣ್ಣ ತಲೆ ಕೆರೆದುಕೊಂಡು, "ಹಂಗೆಲ್ಲಾ ಹಾಕಂಗಿಲ್ಲಪ್ಪ" ಅಂದ. ಯಾಕೆ ಹಾಕಬಾರದು ಅಂತ ಒಬ್ಬಳು ಕೇಳಿದಳು. ಅವನು ಉತ್ತರ ಹೇಳಲಿಲ್ಲ, ಎದ್ದು ಊಟಕ್ಕೆ ಎಲೆ ಹಾಕಿಸಿದ.

ಬರುವಾಗಲೂ ಒಂದು ಗಲಾಟೆ ಆಯಿತು. ಬೆಳಿಗ್ಗೆ ಹೋಗುವಾಗ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇಳಿದಿದ್ದೆವು. ಗೂಡಿಂದ ನೂಲು ತೆಗೆಯೋ ರೀಲರುಗಳು ಜಾಲರಿಗೆ ಕೈಹಾಕಿ ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡೋದು, ರೇಟು ಹಿಡಿಸದಿದ್ದರೆ ರೈತ ಬೇಡ ಅನ್ನೋದು, ಎಲ್ಲಾ ನೋಡಿದ್ದರು. ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅನ್ನೋದು ಏನು ಅಂತ ಬಸ್ಸಲ್ಲಿ ಯಾರೋ ಈಗ ಕೇಳಿದರು. ಪ್ಯೂಪಾ, ಗೂಡನ್ನ ಬಿಸಿನೀರಿಗೆ ಹಾಕಿದಾಗ ಅದು ಸಾಯತ್ತೆ, ಚಿಟ್ಟೆ ಆಗೋಕೆ ಬಿಟ್ಟರೆ ಗೂಡು ತೂತು ಮಾಡಿಕೊಂಡು ಬರತ್ತೆ, ಒಳ್ಳೇ ಬೈವೋಲ್ಟೀನ್ ತಳಿಯ ಗೂಡಲ್ಲಿ ಒಂದು ಕಿಲೋಮೀಟರ್ ಹತ್ತಿರ ಇರೋ ದಾರ ತುಂಡಾಗತ್ತೆ ಅಂದೆ. ಅರ್ಧ ಬಸ್ಸು ಮೌನ. ಬೆಳಿಗ್ಗೆ ಹುಳ ಮುಟ್ಟಲ್ಲ ಅಂತ ಕಿರುಚಿದವಳೇ ಈಗ ಅಳೋಕೆ ಶುರು ಮಾಡಿದಳು. ಇನ್ನೊಬ್ಬ, ನಿಮ್ಮಮ್ಮ ಮದುವೆಗೆ ಉಡೋದು ಅದನ್ನೇ ಅಲ್ವಾ ಅಂದ. ಬಿಡದಿವರೆಗೂ ಜಗಳ. ನಾನು ತೀರ್ಪು ಕೊಡೋಕೆ ಹೋಗಲಿಲ್ಲ, ಕೊಡೋಕೆ ನನಗೂ ಬರಲ್ಲ.

ಈಗ ಜಗಲಿ ಹುಡುಗನ ಕಥೆ. ಅವನು ಹುಳವನ್ನೇ ನೋಡಲಿಲ್ಲ, ಅಮ್ಮನ ಜೊತೆ ಕೂತು, ಹುಳ ಗೂಡು ಕಟ್ಟೋಕೆ ಬಿಡೋ ಚಂದ್ರಿಕೆ ಒರೆಸುತ್ತಾ ಕಥೆ ಕೇಳಿದ. ಅವನ ಹಾಳೆ ಓದಿ ನನಗೆ ನಾಚಿಕೆ ಆಯಿತು. ಅಮ್ಮ ಮದುವೆಯಾಗಿ ಬಂದಾಗ ಹುಳದ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲೋ ಊಜಿ ನೊಣ ಅಂತಲೇ ಇರಲಿಲ್ಲವಂತೆ, ಕಿಟಕಿಗೆ ಬಲೆ ಕಟ್ಟುತ್ತಿರಲಿಲ್ಲವಂತೆ. ನಿಜ ಕಣೋ, ಊಜಿ ಬಂಗಾಳದಿಂದ ಕರ್ನಾಟಕಕ್ಕೆ ಬಂದಿದ್ದು 1980ರಲ್ಲಿ, ನಾನು ಪುಸ್ತಕದಲ್ಲಿ ಓದಿದ್ದೆ. ಅವನು ಬರೆದಿದ್ದು ಹೀಗೆ: 'ಅಜ್ಜಿಗೆ ನೊಣ ಬಂದ ವರ್ಷ ಗೊತ್ತು, ಯಾಕೆಂದರೆ ಆ ವರ್ಷ ಬೆಳೆ ಹೋಗಿ ಓಲೆ ಅಡ ಇಟ್ಟರು.' ಓಲೆ ವಿಷಯ ನಿನಗೆ ಗೊತ್ತಿತ್ತಾ? ನಿನ್ನ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ.

ಸೋಮವಾರ ಹುಳ ಹಣ್ಣಾಗಬಹುದು, ಗೂಡು ಕಟ್ಟೋಕೆ ಬಿಡಬೇಕು ಅಂದಿದ್ದಾನೆ ನಿಮ್ಮಣ್ಣ. ನಿನ್ನೆ ಆ ಹುಡುಗನ ಅಮ್ಮ ನನಗೆ ಫೋನ್ ಮಾಡಿದ್ದರು: "ಸಾರ್, ಇವನು ಗುರುವಾರದಿಂದ ಕ್ರೀಮು ಮುಟ್ಟಿಸ್ಕೊಳ್ತಿಲ್ಲ, ಮೈಯೆಲ್ಲಾ ಸೊಳ್ಳೆ ಕಡಿಸ್ಕೊಂಡಿದ್ದಾನೆ, ಸೋಮವಾರ ಎಲ್ಲೋ ಹೋಗ್ಬೇಕಂತೆ, ಹೌದಾ?" ಹೌದು ಅಂದೆ. ರಜೆ ಹಾಕಿದ್ದೇನೆ. ಅವನನ್ನೂ ಅವರಮ್ಮನನ್ನೂ ಕರೆದುಕೊಂಡು ಹೋಗ್ತಿದ್ದೇನೆ, ಹುಳ ಆರಿಸೋಕೆ ಹೇಗಿದ್ದರೂ ಕೈ ಸಾಲಲ್ಲ.

ಚಂದ್ರಿಕೆ ನಾಲ್ಕೈದು ಕಮ್ಮಿ ಬೀಳತ್ತಂತೆ. ಬಿದಿರಿನ ಹಳೇವು ಇದ್ದವಲ್ಲ, ಅವನ್ನ ನೀನೇ ಎಲ್ಲೋ ಎತ್ತಿಟ್ಟೆ ಅಂತ ಅತ್ತಿಗೆ ಹೇಳ್ತಿದ್ದರು. ಎಲ್ಲಿಟ್ಟಿದ್ದೀಯ, ಭಾನುವಾರ ರಾತ್ರಿ ಒಳಗೆ ಅಮ್ಮನಿಗೆ ಫೋನ್ ಮಾಡಿ ಹೇಳು.

ನಿನ್ನ,
ಮೇಷ್ಟ್ರು