ಬರ್ಲಿನ್ ಬಸ್ಸಿನ ಕೊನೇ ಸ್ಟಾಪಿನಿಂದ

ಲ್ಯೂಬಾರ್ಸ್, ಬರ್ಲಿನ್
ಭಾನುವಾರ, ಮಧ್ಯಾಹ್ನ

ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ಮೊನ್ನೆ ಫೋನಿನಲ್ಲಿ ಅಪ್ಪ "ಜರ್ಮನಿಗೆ ಹೋಗಿ ಹಳ್ಳಿ ಸೇರ್ಕೊಂಡ್ಯಾ, ಅದಕ್ಕೆ ಇಲ್ಲೇ ಇರಬಹುದಿತ್ತಲ್ಲ" ಅಂದಿರಿ. ಅಷ್ಟರಲ್ಲಿ ಲೈನ್ ಕಟ್ ಆಯಿತು. ಲೈನ್ ಇದ್ದಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ ಬಿಡಿ. ಇವತ್ತು ಭಾನುವಾರ, ಅಂಗಡಿ ಎಲ್ಲ ಬಂದ್, ಕೂತು ಬರೆಯುತ್ತಿದ್ದೇನೆ.

ನಾನಿರೋ ಈ ಲ್ಯೂಬಾರ್ಸ್ ಹಳ್ಳಿ ಲೆಕ್ಕದಲ್ಲಿ ಬರ್ಲಿನ್ನೇ. ನಮ್ಮೂರನ್ನು 2007ರಲ್ಲಿ ಬೇರೆ ಹಳ್ಳಿಗಳ ಜೊತೆ ಬಿಬಿಎಂಪಿಗೆ ಸೇರಿಸಿದರಲ್ಲ, ಲ್ಯೂಬಾರ್ಸನ್ನು ಹಾಗೇ 1920ರಲ್ಲಿ ಬರ್ಲಿನ್‌ಗೆ ಸೇರಿಸಿದರು. ನೂರು ವರ್ಷ ದಾಟಿತು, ಇನ್ನೂ ಇಲ್ಲಿ ಹೊಲ ಹೊಲವಾಗೇ ಇದೆ. ನಮ್ಮಲ್ಲಿ ಎರಡೇ ವರ್ಷಕ್ಕೆ ರಾಗಿ ಹೊಲದ ತುಂಬ ಸೈಟಿನ ಕಲ್ಲು ನೆಟ್ಟಿದ್ದರು, ನೆನಪಿದೆಯಾ?

ಆಫೀಸಿನಿಂದ ರೈಲು ಹತ್ತಿ ವೈಡ್‌ಮನ್ಸ್‌ಲುಸ್ಟ್‌ನಲ್ಲಿ ಇಳಿದು 222ನೇ ನಂಬರ್ ಬಸ್ ಹಿಡಿಯಬೇಕು. ಕೊನೇ ಸ್ಟಾಪ್ ನಮ್ಮದು. ಊರೊಳಗೆ ಡಾಂಬರು ಇಲ್ಲ, ಹಳೇ ಕಾಲದ ಕಲ್ಲುಹಾಸು. ಖಾಲಿ ಟಿಫನ್ ಡಬ್ಬಿಯೊಳಗೆ ಚಮಚ ಗಡಗಡ ಅನ್ನೋಕೆ ಶುರುವಾದರೆ ಊರು ಬಂತು ಅಂತ, ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತೆ. ನಡುವೆ ಹುಲ್ಲಿನ ಜಾಗ, ದೊಡ್ಡ ಮರಗಳು, 1793ರ ಪುಟ್ಟ ಚರ್ಚು, ಸುತ್ತ ತೋಟದ ಮನೆಗಳು. ಅರಳಿಕಟ್ಟೆ ಒಂದು ಇಲ್ಲ, ಅಷ್ಟೇ. ದನ ಕಡಿಮೆ, ಕುದುರೆ ಜಾಸ್ತಿ. ಪೇಟೆಯವರು ಬಾಡಿಗೆ ಕೊಟ್ಟು ತಮ್ಮ ಕುದುರೆಗಳನ್ನು ಇಲ್ಲಿನ ಕೊಟ್ಟಿಗೆಗಳಲ್ಲಿ ಬಿಡುತ್ತಾರೆ. ಬೆಳಿಗ್ಗೆ ಬಸ್ಸಿಗೆ ಓಡುವಾಗ ಲದ್ದಿ ನೋಡಿಕೊಂಡು ಕಾಲಿಡಬೇಕು.

ಅಪ್ಪ, ನಿಮಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಪೂರ್ವ, ಪಶ್ಚಿಮ ಅಂತ ಊರನ್ನೇ ಭಾಗ ಮಾಡಿದ್ದ ಬರ್ಲಿನ್ ಗೋಡೆ ಈ ಹಳ್ಳಿಯ ಅಂಚಿನಲ್ಲೇ ಹೋಗುತ್ತಿತ್ತು. ಇಲ್ಲಿನವರಿಗೆ ಪಕ್ಕದ ಬ್ಲಾಂಕನ್‌ಫೆಲ್ಡೆ ಹಳ್ಳಿಗೆ ಹೋಗೋ ದಾರಿಯೇ ಇರಲಿಲ್ಲ. 1989ರ ನವೆಂಬರ್‌ನಲ್ಲಿ ಗೋಡೆ ತೆರೆದರು ಅಂತ ನಾವೆಲ್ಲ ಓದಿದ್ದೇವೆ, ಆದರೆ ಇಲ್ಲಿ ಅದು ಹಾಗೇ ನಿಂತಿತ್ತಂತೆ. ಕಾದು ಕಾದು ಸಾಕಾಗಿ 1990ರ ಜೂನ್‌ನಲ್ಲಿ ಹೆಲ್ಮುಟ್ ಕ್ವಾಲಿಟ್ಜ್ ಅನ್ನೋ ರೈತ ಟ್ರ್ಯಾಕ್ಟರ್ ತಂದು ಗೋಡೆ ಒಡೆದೇ ಬಿಟ್ಟ. ಆ ಜಾಗಕ್ಕೆ ಈಗ ಅವನದೇ ಹೆಸರು. ನೀವಾಗಿದ್ದರೆ ಏಳು ತಿಂಗಳು ಕಾಯ್ತಾನೂ ಇರಲಿಲ್ಲ!

ಹೊಲದ ಆಚೆ ನೋಡಿದರೆ ಸಾಲಾಗಿ ಎತ್ತರದ ಅಪಾರ್ಟ್‌ಮೆಂಟುಗಳು ಕಾಣುತ್ತವೆ, 1960ರ ದಶಕದಲ್ಲಿ ಕಟ್ಟೋಕೆ ಶುರು ಮಾಡಿದ್ದು. ಪಕ್ಕದಲ್ಲೇ ಒಂದು ಹಸಿರು ಗುಡ್ಡ. ಮೊದಲು ಅದು ಊರ ಕಸ ಸುರಿಯೋ ಜಾಗವಾಗಿತ್ತು ಅಂದರೆ ನಂಬ್ತೀರಾ? ಈಗ ಚಳಿಗಾಲದಲ್ಲಿ ಮಕ್ಕಳು ಹಿಮದ ಮೇಲೆ ಜಾರಿ ಆಡುತ್ತಾರೆ. ಮಾವಳ್ಳಿಪುರದ ಕಸದ ರಾಶಿ ನೆನಪಾಯಿತು, ನಗಬೇಕೋ ಏನೋ ಗೊತ್ತಾಗಲಿಲ್ಲ.

ಎಲ್ಲಾ ಸುಖ ಅಂತ ಅಲ್ಲ. ಬಸ್ ಕಣ್ಣೆದುರೇ ಹೋಗಿಬಿಟ್ಟರೆ ರಾತ್ರಿ ಕತ್ತಲಲ್ಲಿ ನಡೆಯಬೇಕು. ಹಾಲಿಗೂ ಬಸ್ಸೇ ಹತ್ತಬೇಕು. ಬಂದ ಮೊದಲ ಭಾನುವಾರ ಒಂದು ಎಡವಟ್ಟು ಮಾಡಿಕೊಂಡೆ. ಅಮ್ಮ, ನೀನು ಕೊಟ್ಟ ಚಾಮುಂಡಿ ಕ್ಯಾಲೆಂಡರ್ ತೂಗು ಹಾಕೋಣ ಅಂತ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ನಾಲ್ಕನೇ ಏಟಿಗೆ ಬಾಗಿಲ ಬೆಲ್. ಪಕ್ಕದ ಮನೆ ಅಜ್ಜಿ. "ಇವತ್ತು ಭಾನುವಾರ" ಅಂದರು, ಅಷ್ಟೇ, ತಿರುಗಿ ಹೋದರು. ಭಾನುವಾರ ಇಲ್ಲಿ ಸದ್ದು ಮಾಡೋ ಹಾಗಿಲ್ಲ. ಕೆನ್ನೆಗೆ ಹೊಡೆದ ಹಾಗಾಯಿತು, ಸಂಜೆವರೆಗೆ ಮಿಕ್ಸಿ ಕೂಡ ಮುಟ್ಟಲಿಲ್ಲ, ಚಟ್ನಿ ಇಲ್ಲದೇ ದೋಸೆ ತಿಂದೆ. ಮಾರನೇ ದಿನ ನೋಡಿದರೆ ಅದೇ ಅಜ್ಜಿಯ ಗೇಟಿನ ಹೊರಗೆ ಒಂದು ಡಬ್ಬ ತುಂಬ ಸೇಬು, ಮೇಲೆ ಚೀಟಿ: ಬೇಕಾದವರು ತಗೊಳ್ಳಿ. ನಮ್ಮ ಸೀಬೆ ಮರದ ಹಣ್ಣನ್ನು ನೀನು ಸ್ಕೂಲ್ ಮಕ್ಕಳಿಗೆ ಅಂತ ಬುಟ್ಟಿಯಲ್ಲಿ ಇಡುತ್ತಿದ್ದೆಯಲ್ಲ, ಥೇಟ್ ಹಾಗೇ. ನಾಲ್ಕು ತಗೊಂಡೆ. ಹುಳಿ ಅಂದರೆ ಹುಳಿ, ಉಪ್ಪು ಖಾರ ಹಚ್ಚಿಕೊಂಡು ತಿಂದೆ. ಉಳಿದ ಒಂದರಲ್ಲಿ ತೊಕ್ಕು ಮಾಡಿದ್ದೇನೆ, ಅಜ್ಜಿಗೆ ಕೊಡೋಕೆ ಇನ್ನೂ ಧೈರ್ಯ ಬಂದಿಲ್ಲ.

ಇಲ್ಲಿಗೇ ಯಾಕೆ ಬಂದೆ ಅಂದರೆ, ಮನೆ ನೋಡೋಕೆ ಬಂದ ದಿನ ಬಸ್ಸಿಳಿದ ಕೂಡಲೇ ಸಗಣಿ, ಒದ್ದೆ ಹುಲ್ಲಿನ ವಾಸನೆ ಬಂತು ಅಪ್ಪ. ಮನೆ ಒಳಗೆ ನೋಡೋ ಮುಂಚೆಯೇ ಹೂಂ ಅಂದುಬಿಟ್ಟಿದ್ದೆ.

ಮೂಲೆ ಹೊಲದ ಹುಣಸೆ ಮರ ರಸ್ತೆಗೆ ಹೋಗುತ್ತೆ ಅಂದಿದ್ದಿರಿ. ಗುರುತು ಹಾಕಿ ಹೋದವರು ಮತ್ತೆ ಬಂದರಾ? ಇನ್ನೂ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ.

ನಿಮ್ಮ ಮಗಳು