ಹೊಸ ಗ್ರಹ ಬೇಡ, ಹಳೆಯ ನಾಡುಗಳು ಮತ್ತೆ ತುಂಬಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ ಆನ್‌ಲೈನ್ ಆಟಗಳ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಈಗಿನ ಕಥಾಸರಣಿ ಮುಗಿದ ಬಳಿಕ ಬರುವ ವಿಸ್ತರಣೆಯು ಆಟಗಾರರನ್ನು ಅಜೆರಾತ್ ಲೋಕದಿಂದಾಚೆ, ಬೇರೊಂದು ಗ್ರಹಕ್ಕೆ ಕರೆದೊಯ್ಯಬಹುದು ಎಂಬ ಊಹೆಯನ್ನು ಆ ಲೇಖನ ಮುಂದಿಟ್ಟಿದೆ. ವಿದ್ಯಾರ್ಥಿದೆಸೆಯಿಂದ ಈ ಆಟವನ್ನು ಆಡುತ್ತ ಬಂದಿರುವ ನನಗೆ ಆ ಊಹೆ ಸರಿಯೆನಿಸಲಿಲ್ಲ. ಒಂದು ವೇಳೆ ಅದು ನಿಜವಾದರೆ ಆಟಕ್ಕೆ ಹಾನಿಯೇ ಆದೀತೆಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ. ಗದಗ-ಬೆಟಗೇರಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಇದನ್ನು ಆಡುವವರು ಬಹಳ ಮಂದಿಯೇನಲ್ಲ. ಆದರೆ ಆಡುವವರು ಮನಸಾರೆ ಆಡುತ್ತಾರೆ, ಮುಂದೇನು ಬರಲಿದೆ ಎಂಬ ಮಾತು ಅವರು ಸೇರಿದಲ್ಲೆಲ್ಲ ಬಂದೇ ಬರುತ್ತದೆ.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಬ್ಲಿಜಾರ್ಡ್ ಸಂಸ್ಥೆ 2004ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಆಟಕ್ಕೆ ತಿಂಗಳ ಚಂದಾ ಕಟ್ಟಬೇಕು. ಅದರ ಮೇಲೆ, ಸುಮಾರು ಎರಡು ವರ್ಷಕ್ಕೊಮ್ಮೆ ಬರುವ ವಿಸ್ತರಣೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಪ್ರತಿ ವಿಸ್ತರಣೆಯೂ ಸಾಮಾನ್ಯವಾಗಿ ಹೊಸ ನಾಡೊಂದನ್ನು ತೆರೆದು, ಪಾತ್ರಗಳು ಏರಬಹುದಾದ ಲೆವೆಲ್‌ನ ಮಿತಿಯನ್ನು ಹೆಚ್ಚಿಸುತ್ತದೆ. ಆರಂಭದಲ್ಲಿ 60 ಇದ್ದ ಮಿತಿ 2007ರಲ್ಲಿ 70, 2008ರಲ್ಲಿ 80 ಆಗಿ, ಹಾಗೆಯೇ ಏರುತ್ತ 2018ರಲ್ಲಿ 120ಕ್ಕೆ ಮುಟ್ಟಿತು. 2020ರಲ್ಲಿ ಸಂಸ್ಥೆಯೇ ಅದನ್ನು 60ಕ್ಕೆ ಇಳಿಸಿ ಎಣಿಕೆಯನ್ನು ಹೊಸದಾಗಿ ಶುರು ಮಾಡಬೇಕಾಯಿತು.

ಮಿತಿ ಏರಿದಾಗಲೆಲ್ಲ ಹಿಂದಿನದು ಬೆಲೆ ಕಳೆದುಕೊಳ್ಳುತ್ತದೆ. ಹಿಂದಿನ ವಿಸ್ತರಣೆಯ ಕೊನೆಯ ರೇಡ್‌ನಲ್ಲಿ (ದೊಡ್ಡ ತಂಡವಾಗಿ ಮಾಡುವ ದಾಳಿ) ಇಪ್ಪತ್ತು ಜನ ಸೇರಿ, ವಾರಗಟ್ಟಲೆ ಹೆಣಗಿ ಗಳಿಸಿದ ಕತ್ತಿಗಿಂತ, ಹೊಸ ನಾಡಿನಲ್ಲಿ ಯಾರೋ ಒಬ್ಬ ರೈತನ ಸಣ್ಣ ಕೆಲಸ ಮಾಡಿಕೊಟ್ಟಿದ್ದಕ್ಕೆ ಸಿಗುವ ಕತ್ತಿಯೇ ಕೆಲವು ದಿನಗಳಲ್ಲಿ ಮೇಲೆನಿಸುತ್ತದೆ. ಕತ್ತಿ ಹೋದರೆ ಹೋಗಲಿ, ನಾಡೇ ಬರಿದಾಗುವುದು ನನಗೆ ಹೆಚ್ಚು ನೋವಿನ ಸಂಗತಿ. 2007ರ ವಿಸ್ತರಣೆಗೆ ಕೇಂದ್ರವಾಗಿದ್ದ ಶಾಟ್ರಾತ್ ನಗರ ಒಂದು ಕಾಲಕ್ಕೆ ಜಾತ್ರೆಯ ಹಾಗೆ ತುಂಬಿರುತ್ತಿತ್ತು. ಇಂದು ಯಾವ ಹೊತ್ತಿಗೆ ಅಲ್ಲಿಗೆ ಹೋದರೂ ದೀಪಗಳು ಉರಿಯುತ್ತಿರುತ್ತವೆ, ಕಾವಲುಗಾರರು ಸುತ್ತು ಹಾಕುತ್ತಿರುತ್ತಾರೆ, ವ್ಯಾಪಾರಿಗಳು ತಮ್ಮ ಜಾಗದಲ್ಲಿ ನಿಂತೇ ಇರುತ್ತಾರೆ. ಕೊಳ್ಳುವವರು ಮಾತ್ರ ಒಬ್ಬರೂ ಕಾಣುವುದಿಲ್ಲ. ಹೊಸಬರು ಲೆವೆಲ್ ಏರಲು ಯಾವುದಾದರೊಂದು ಹಳೆಯ ವಿಸ್ತರಣೆಯನ್ನು ಆರಿಸಿಕೊಳ್ಳುವ ಏರ್ಪಾಡು 2020ರಿಂದ ಇದೆ. ಹೀಗಾಗಿ ಬಹಳಷ್ಟು ಜನ ಒಂದೇ ಒಂದು ಹಳೆಯ ನಾಡನ್ನು ಅವಸರದಲ್ಲಿ ದಾಟಿ ಈಗಿನ ನಾಡಿಗೆ ಬಂದುಬಿಡುತ್ತಾರೆ, ಉಳಿದವು ಅವರ ಪಾಲಿಗೆ ನಕ್ಷೆಯ ಮೇಲಿನ ಹೆಸರುಗಳಾಗಿಯೇ ಉಳಿಯುತ್ತವೆ.

ಇಷ್ಟೆಲ್ಲ ಇರುವಾಗ ಇನ್ನೊಂದು ಗ್ರಹವನ್ನು ಸೇರಿಸುವುದೆಂದರೆ ಬರಿದಾಗಲಿರುವ ನಾಡುಗಳ ಪಟ್ಟಿಗೆ ಮತ್ತೊಂದನ್ನು ಸೇರಿಸಿದಂತೆ. ದೂರದ ಲೋಕಗಳ ಕಥೆ ಈ ಆಟಕ್ಕೆ ಎಷ್ಟರಮಟ್ಟಿಗೆ ಒಗ್ಗಿದೆ ಎಂಬುದಕ್ಕೂ ಹಿಂದಿನ ನಿದರ್ಶನಗಳಿವೆ. 2014ರ ನವೆಂಬರ್‌ನಲ್ಲಿ ಬಂದ ವಿಸ್ತರಣೆ ಆಟಗಾರರನ್ನು ಡ್ರೇನಾರ್ ಎಂಬ ಬೇರೆ ಲೋಕದ, ಅದರಲ್ಲೂ ಬೇರೊಂದು ಕಾಲಪ್ರವಾಹದ ನೆಲಕ್ಕೆ ಕರೆದೊಯ್ದಿತು. ಆ ವರ್ಷದ ಕೊನೆಯಲ್ಲಿ ಒಂದು ಕೋಟಿ ದಾಟಿದ್ದ ಚಂದಾದಾರರ ಸಂಖ್ಯೆ 2015ರ ನಡುವಿನ ಹೊತ್ತಿಗೆ 56 ಲಕ್ಷಕ್ಕೆ ಇಳಿಯಿತು. ಅದೇ ವರ್ಷ ಸಂಸ್ಥೆ ಆ ಸಂಖ್ಯೆಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಆ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ಮುಖ್ಯವಾಗಿ ಮಾಡಲು ಕೆಲಸವೇ ಸಾಲದೆ ಆಟಗಾರರು ತಮ್ಮ ತಮ್ಮ ಕೋಟೆಯೊಳಗೆ ಒಂಟಿಯಾಗಿ ಕೂರುವಂತಾಗಿದ್ದು. 2020ರ ‘ಶ್ಯಾಡೋಲ್ಯಾಂಡ್ಸ್’ ಸತ್ತವರ ಲೋಕಕ್ಕೆ ಹೋಯಿತು. ಅಲ್ಲಿನ ದೃಶ್ಯಗಳು ಎಷ್ಟೇ ಸೊಗಸಾಗಿದ್ದರೂ, ನಮಗೆ ಪರಿಚಯವಿದ್ದ ಊರು, ಜನ, ಜಗಳಗಳಿಗೂ ಅಲ್ಲಿ ನಡೆಯುತ್ತಿದ್ದ ಕಥೆಗೂ ನಂಟು ಕಡಿಮೆಯಾಗಿ, ಯಾರಿಗಾಗಿ ಹೋರಾಡುತ್ತಿದ್ದೇವೆಂಬುದೇ ಮಸುಕಾಯಿತು ಎಂದು ನಾನು ಇಂದಿಗೂ ಹೇಳುತ್ತೇನೆ. 2022ರಲ್ಲಿ ‘ಡ್ರ್ಯಾಗನ್‌ಫ್ಲೈಟ್’ ಮತ್ತೆ ಅಜೆರಾತ್‌ನ ನೆಲಕ್ಕೆ ಇಳಿದಾಗ ಬಂದ ನೆಮ್ಮದಿ ನನ್ನೊಬ್ಬನದಾಗಿರಲಿಲ್ಲ.

ಹಳೆಯ ನಾಡುಗಳನ್ನು 2010ರಲ್ಲಿಯೇ ಹೊಸದಾಗಿ ಕಟ್ಟಿದ್ದರಲ್ಲ, ಆಗಲೂ ಆಟಗಾರರು ಬಿಟ್ಟುಹೋದರಲ್ಲ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಆ ವರ್ಷದ ‘ಕ್ಯಾಟಕ್ಲಿಸಂ’ ವಿಸ್ತರಣೆಗೆ ಮುನ್ನ ಚಂದಾದಾರರು 1.2 ಕೋಟಿ ಇದ್ದರು, 2012ರ ನಡುವೆ 91 ಲಕ್ಷಕ್ಕೆ ಇಳಿದಿದ್ದರು. ಡೆತ್‌ವಿಂಗ್ ಎಂಬ ಡ್ರ್ಯಾಗನ್ನಿನ ಹೊಡೆತಕ್ಕೆ ಥೌಸಂಡ್ ನೀಡಲ್ಸ್‌ನ ಕಣಿವೆ ನೀರಿನಲ್ಲಿ ಮುಳುಗಿತು, ಬ್ಯಾರೆನ್ಸ್‌ನ ಬಯಲು ಸೀಳಿ ಎರಡಾಯಿತು, ಆಬರ್ಡೈನ್ ಎಂಬ ಬಂದರು ನೆಲಸಮವಾಯಿತು. ಅಷ್ಟೊಂದು ಶ್ರಮಪಟ್ಟು ಕಟ್ಟಿದ ಈ ಹೊಸ ರೂಪವೆಲ್ಲ 60ರೊಳಗಿನ ಲೆವೆಲ್‌ನವರಿಗೆ ಮೀಸಲಾಗಿತ್ತು. ಮೇಲಿನ ಲೆವೆಲ್ ತಲುಪಿದವರಿಗೆ ಹೈಜಾಲ್, ಡೀಪ್‌ಹೋಮ್, ಉಲ್ಡಂ ಎಂದು ಬೇರೆಯೇ ನಾಡುಗಳನ್ನು ಕೊಟ್ಟಿದ್ದರು. ವರ್ಷಗಳಿಂದ ಆಡುತ್ತಿದ್ದವನಿಗೆ ತನ್ನ ಹಳೆಯ ಊರಿನಲ್ಲಿ ಒಂದು ಸುತ್ತು ಹಾಕಿಬರುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅದರ ಜೊತೆಗೆ ಮೊದಲಿನ ರೂಪವನ್ನು ಪೂರ್ತಿ ಅಳಿಸಿಹಾಕಿದ್ದರು. ಆ ನಷ್ಟ ಎಷ್ಟು ದೊಡ್ಡದೆಂಬುದು ಆರು ವರ್ಷಗಳ ಬಳಿಕ ಎಲ್ಲರಿಗೂ ಕಂಡಿತು. ಹಳೆಯ ಆಟವನ್ನು ಅನಧಿಕೃತವಾಗಿ ನಡೆಸುತ್ತಿದ್ದ ‘ನೊಸ್ಟಾಲ್ರಿಯಸ್’ ಎಂಬ ಸರ್ವರ್ ಕಾನೂನಿನ ಎಚ್ಚರಿಕೆಯಿಂದಾಗಿ 2016ರ ಏಪ್ರಿಲ್‌ನಲ್ಲಿ ಮುಚ್ಚಿದಾಗ, ಹಳೆಯ ರೂಪವನ್ನು ಅಧಿಕೃತವಾಗಿಯೇ ಮರಳಿಸಿರೆಂದು ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕೊನೆಗೆ 2019ರ ಆಗಸ್ಟ್‌ನಲ್ಲಿ ಸಂಸ್ಥೆ ‘ಕ್ಲಾಸಿಕ್’ ಹೆಸರಿನಲ್ಲಿ ಅದನ್ನು ಬೇರೆಯಾಗಿ ತೆರೆಯಿತು. ಎಂದರೆ 2010ರ ಸೋಲಿಗೆ ಹಳೆಯ ನಾಡಿಗೆ ಮರಳಿದ್ದು ಕಾರಣವಲ್ಲ. ಮರಳಿದವರಿಗೆ ಅಲ್ಲಿ ಕೆಲಸವಿರಲಿಲ್ಲ, ಇದ್ದದ್ದನ್ನು ಉಳಿಸಿಕೊಂಡೂ ಇರಲಿಲ್ಲ ಎಂಬುದೇ ಕಾರಣ.

ಸಂಸ್ಥೆಗೂ ಇದು ಮನವರಿಕೆಯಾದಂತಿದೆ. 2023ರ ನವೆಂಬರ್‌ನಲ್ಲಿ ಆಟದ ಸೃಜನಶೀಲ ವಿಭಾಗದ ಮುಖ್ಯಸ್ಥರಾಗಿದ್ದ ಕ್ರಿಸ್ ಮೆಟ್ಜನ್ ಅವರು ಒಂದೇ ಕಥೆಯ ಮೂರು ವಿಸ್ತರಣೆಗಳನ್ನು ಒಟ್ಟಿಗೆ ಘೋಷಿಸಿದರು. ಅವುಗಳಲ್ಲಿ ಮೊದಲನೆಯದಾದ ‘ದ ವಾರ್ ವಿದಿನ್’ 2024ರ ಆಗಸ್ಟ್‌ನಲ್ಲಿ ಬಂದು ನೆಲದಡಿಯ ಹೊಸ ನಾಡನ್ನು ತೋರಿಸಿತು. ಎರಡನೆಯದಾದ ‘ಮಿಡ್‌ನೈಟ್’ಗೆ ಆರಿಸಿಕೊಂಡಿದ್ದು 2007ರ ಕ್ವೆಲ್‌ಥಲಾಸ್ ನಾಡನ್ನು, ಮೂರನೆಯ ‘ದ ಲಾಸ್ಟ್ ಟೈಟನ್’ಗೆ 2008ರ ನಾರ್ತ್‌ರೆಂಡ್ ಅನ್ನು. ಕ್ವೆಲ್‌ಥಲಾಸ್‌ನ ರಾಜಧಾನಿ ಸಿಲ್ವರ್‌ಮೂನ್ ಅರ್ಧ ಪಾಳುಬಿದ್ದ ನಗರವಾಗಿಯೇ ವರ್ಷಗಟ್ಟಲೆ ಉಳಿದಿತ್ತು. ಪಕ್ಕದ ನಾಡಿನಿಂದ ಅಲ್ಲಿಗೆ ಕಾಲಿಡುವಾಗ ಲೋಡಿಂಗ್ ಪರದೆ ಅಡ್ಡ ಬರುತ್ತಿತ್ತು, ಅದರ ಮೇಲೆ ಹಾರುವುದಕ್ಕೂ ಆಗುತ್ತಿರಲಿಲ್ಲ. ಅಂಥ ನಗರವನ್ನು ಈಗ ಪೂರ್ಣ ಲೆವೆಲ್‌ನ ಆಟಗಾರರ ನೆಲೆಯಾಗಿ ಮತ್ತೆ ಕಟ್ಟಲು ಹೊರಟಿದ್ದೇ, ನನ್ನ ದೃಷ್ಟಿಯಲ್ಲಿ, ಮುಂದಿನ ದಾರಿಯ ಸ್ಪಷ್ಟ ಸೂಚನೆ. ಮೂರರಲ್ಲಿ ಎರಡು ಬಾರಿ ಹಿಂದಕ್ಕೆ ಮರಳಿದವರು ನಾಲ್ಕನೆಯ ಬಾರಿ ಎಲ್ಲವನ್ನೂ ಬಿಟ್ಟು ಗ್ರಹಾಂತರಕ್ಕೆ ಹೋಗುತ್ತಾರೆಂದು ನಂಬಲು ನನಗೆ ಆಧಾರ ಕಾಣುವುದಿಲ್ಲ.

ಹಳೆಯ ನಾಡಿಗೆ ಕೆಲಸ ಕೊಟ್ಟರೆ ಜನ ಬರುತ್ತಾರೆಂಬುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. 2024ರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಪಂಡಾರಿಯಾ ನಾಡನ್ನು ಸೀಮಿತ ಅವಧಿಯ ವಿಶೇಷ ಆಟವಾಗಿ ತೆರೆದಿದ್ದರು. ವರ್ಷಗಳಿಂದ ಬರಿದಾಗಿದ್ದ ಅದರ ಹೊಲ-ಗುಡ್ಡಗಳಲ್ಲಿ ಆ ತಿಂಗಳುಗಳಲ್ಲಿ ಎತ್ತ ನೋಡಿದರತ್ತ ಆಟಗಾರರಿದ್ದರು. ಅವಧಿ ಮುಗಿಯಿತು, ನಾಡು ಮತ್ತೆ ಮೊದಲಿನಂತಾಯಿತು.

ನಮ್ಮ ಭಾಗದ ಆಟಗಾರರಿಗೆ ಇದರಲ್ಲಿ ಇನ್ನೂ ಒಂದು ಹಿತವಿದೆ. ನಮ್ಮ ದೇಶದಲ್ಲಿ ಈ ಆಟದ ಸರ್ವರ್ ಇಲ್ಲದ ಕಾರಣ ನಾನು ಬಲ್ಲ ಗೆಳೆಯರೆಲ್ಲ ಯುರೋಪಿನ ಸರ್ವರ್‌ಗಳಲ್ಲಿ ಆಡುತ್ತಾರೆ. ಅಲ್ಲಿನ ಗಿಲ್ಡ್‌ಗಳು (ಆಟಗಾರರ ಸಂಘಗಳು) ಚಳಿಗಾಲದಲ್ಲಿ ಸಂಜೆ ಎಂಟಕ್ಕೆ ರೇಡ್ ಇಟ್ಟರೆ ಗದುಗಿನಲ್ಲಿ ರಾತ್ರಿ ಹನ್ನೆರಡೂವರೆ. ಬೆಳಗ್ಗೆ ಕಾಲೇಜಿಗೋ ಅಂಗಡಿಗೋ ಹೋಗಬೇಕಾದವರು ಎಷ್ಟು ದಿನ ಹಾಗೆ ಎಚ್ಚರವಿರಬಲ್ಲರು? ಆದ್ದರಿಂದ ನಮ್ಮವರು ಹೆಚ್ಚಾಗಿ ಒಬ್ಬರೇ ಅಥವಾ ಇಬ್ಬರು ಮೂವರು ಸೇರಿ ಊರೂರು ಅಲೆಯುತ್ತ ಆಡುತ್ತಾರೆ. 2024ರಲ್ಲಿ ಬಂದ ‘ಡೆಲ್ವ್’ ಎಂಬ ಸಣ್ಣ ಗುಹಾಕಾರ್ಯಗಳು, ಒಬ್ಬರಿಂದ ಐವರವರೆಗೆ ಆಡಬಹುದಾದ್ದರಿಂದ, ನಮಗೆ ದೊಡ್ಡ ಅನುಕೂಲವಾಗಿವೆ. ಇಂಥವನ್ನು ಈಗಿನ ನಾಡಿಗಷ್ಟೇ ಸೀಮಿತಗೊಳಿಸದೆ ಹಳೆಯ ನಾಡುಗಳಲ್ಲೆಲ್ಲ ಹರಡಿದರೆ, ರೇಡ್‌ಗೆ ಸಮಯ ಹೊಂದದ ಸಾವಿರಾರು ಜನರಿಗೆ ಇಡೀ ಲೋಕವೇ ತೆರೆದುಕೊಳ್ಳುತ್ತದೆ. ತಂತ್ರದ ಅಡಚಣೆಯೂ ಇಲ್ಲ. ನಾಡಿನ ಶತ್ರುಗಳ ಬಲವನ್ನು ಆಟಗಾರನ ಲೆವೆಲ್‌ಗೆ ತಕ್ಕಂತೆ ಹೊಂದಿಸುವ ವ್ಯವಸ್ಥೆಯನ್ನು 2018ರ ಜನವರಿಯಲ್ಲಿಯೇ ಹಳೆಯ ಖಂಡಗಳಿಗೆ ಅನ್ವಯಿಸಿದ್ದಾರೆ.

ನಮ್ಮ ಜಿಲ್ಲೆಯ ಲಕ್ಕುಂಡಿಯನ್ನು ನೋಡಿದವರಿಗೆ ನನ್ನ ಮಾತು ಬೇಗ ತಿಳಿದೀತು. ನೂರೊಂದು ಗುಡಿ, ನೂರೊಂದು ಬಾವಿಯ ಊರೆಂದು ಹೆಸರಾದ ಅಲ್ಲಿ ಜನ ಹಳೆಯದನ್ನು ಬಿಟ್ಟು ದೂರ ಹೋಗಿ ಬೇರೆ ಊರು ಕಟ್ಟಿಕೊಳ್ಳಲಿಲ್ಲ. ಕಲ್ಲಿನ ಗುಡಿಗಳ ಮಗ್ಗುಲಲ್ಲಿಯೇ ಮನೆ, ಅಂಗಡಿ, ಶಾಲೆಗಳಿವೆ, ಅವುಗಳ ನಡುವೆಯೇ ದಿನನಿತ್ಯದ ಬದುಕು ನಡೆದಿದೆ. ಅಜೆರಾತ್ ಹಾಗಿರಬೇಕೆಂಬುದು ನನ್ನ ಆಸೆ.

ಹೊಸ ನಾಡಿನ ಹೆಸರಿಲ್ಲದೆ ವಿಸ್ತರಣೆಯನ್ನು ಮಾರುವುದು ಸಂಸ್ಥೆಗೆ ಕಷ್ಟ ಎಂಬುದನ್ನು ಒಪ್ಪುತ್ತೇನೆ. ಆದರೆ ಮಾರಲು ಯೋಗ್ಯವಾದ ಕಥೆಗೆ ಅಲ್ಲಿ ಕೊರತೆಯಿಲ್ಲ. 2017ರ ಕೊನೆಯಲ್ಲಿ ಕಥೆಯ ಖಳನಾಯಕ ಸಾರ್ಗೆರಾಸ್ ನೆಟ್ಟುಹೋದ ಬೆಟ್ಟದಷ್ಟು ದೊಡ್ಡ ಕತ್ತಿ ಸಿಲಿಥಸ್‌ನ ಮರಳುಗಾಡಿನಲ್ಲಿ ನಿಂತಿದೆ, 2023ರ ಘೋಷಣೆಯ ಕಿರುಚಿತ್ರವೂ ಅದರ ಬಳಿಯೇ ನಡೆಯುತ್ತದೆ. ಆ ಮರಳುಗಾಡು ಇರುವುದು ಕಾಲಿಮ್‌ಡಾರ್ ಖಂಡದಲ್ಲಿ, 2010ರಲ್ಲಿ ಸೀಳಿದ ಬ್ಯಾರೆನ್ಸ್ ಇರುವುದೂ ಅಲ್ಲಿಯೇ. ಆದ್ದರಿಂದ ‘ದ ಲಾಸ್ಟ್ ಟೈಟನ್’ ಬಳಿಕದ ವಿಸ್ತರಣೆ ಇಡೀ ಕಾಲಿಮ್‌ಡಾರ್ ಅನ್ನು ಪೂರ್ಣ ಲೆವೆಲ್‌ನವರಿಗಾಗಿ ಮತ್ತೆ ಕಟ್ಟುತ್ತದೆ ಎಂಬುದು ನನ್ನ ಊಹೆ. ಹಾಗೆ ಕಟ್ಟುವಾಗ ಈಗಿನ ರೂಪವನ್ನು ಅಳಿಸದೆ, ಆಟಗಾರ ಬಯಸಿದಾಗ ಹಿಂದಿನ ಕಾಲಕ್ಕೂ ಹೋಗಿಬರುವಂತೆ ಉಳಿಸಿಕೊಳ್ಳಬೇಕು. ಮೊದಲ ಕೆಲಸವನ್ನು ಬ್ಯಾರೆನ್ಸ್‌ನಿಂದಲೇ ಆರಂಭಿಸುವುದು ಒಳ್ಳೆಯದು: ಎರಡಾಗಿ ಒಡೆದ ಆ ಬಯಲಿನ ಮೇಲೆ ಸೇತುವೆ ಕಟ್ಟುವ ಕೆಲಸಕ್ಕೆ ಹೊಸಬರನ್ನೂ ಹಳಬರನ್ನೂ ಒಟ್ಟಿಗೆ ಹಚ್ಚಬಹುದು.

ಇತಿ,
ತಮ್ಮ ಪತ್ರಿಕೆಯ ಓದುಗ,
ಬೆಟಗೇರಿ, ಗದಗ